ಎನಾನ್ಷಿಯೋಮರ್: ಕೆಮ್ಮಿನ ಔಷಧಿಯ ಎಡ ಬಲ

ಕೆಮ್ಮಿನ ಸಿರಪ್ಪಿನ ಡೆಕ್ಸ್ಟ್ರೊಮೆಥಾರ್ಫಾನ್ ಬಗ್ಗೆ ಬರೆಯುವವರು ಲೆವೊಮೆಥಾರ್ಫಾನನ್ನು ಅದರ ‘ಐಸೋಮರ್’ (ಅದೇ ಪರಮಾಣುಗಳು, ಬೇರೆ ಜೋಡಣೆ) ಎಂದಷ್ಟೇ ಹೇಳಿ ಮುಂದೆ ಸಾಗುವುದನ್ನು ಓದಿ ಓದಿ ಸಾಕಾಗಿದೆ. ಮಾತು ಸುಳ್ಳಲ್ಲ, ಆದರೆ ಬ್ಯೂಟೇನ್ ಮತ್ತು ಐಸೋಬ್ಯೂಟೇನ್ ಕೂಡ ಐಸೋಮರುಗಳೇ. ಅವುಗಳ ಕುದಿಬಿಂದುವೇ ಬೇರೆಯಾದ್ದರಿಂದ ಬೇರ್ಪಡಿಸುವುದು ಕಷ್ಟವಲ್ಲ. ಇಲ್ಲಿ ಬೇಕಾದ ಪದ ಎನಾನ್ಷಿಯೋಮರ್. ಗ್ರೀಕಿನ ‘ಎನಾಂಟಿಯೋಸ್’ ಎಂದರೆ ಎದುರಿನದು, ‘ಮೆರೋಸ್’ ಎಂದರೆ ಭಾಗ. ಎಡಗಾಲಿನ ಮತ್ತು ಬಲಗಾಲಿನ ಚಪ್ಪಲಿಗಳಂತೆ ಪರಸ್ಪರ ಕನ್ನಡಿಬಿಂಬವಾಗಿದ್ದು, ಹೇಗೆ ತಿರುಗಿಸಿದರೂ ಒಂದರ ಮೇಲೊಂದು ಕೂರದ ಅಣುಗಳ ಜೋಡಿಗೆ ಮಾತ್ರ ಈ ಹೆಸರು ಸಲ್ಲುತ್ತದೆ.

ಇದಕ್ಕಿಂತ ಹೆಚ್ಚು ಗೊಂದಲ ಹುಟ್ಟಿಸಿರುವುದು ‘ಡೆಕ್ಸ್ಟ್ರೊ’ ಎಂಬ ಪೂರ್ವಪದ. ಲ್ಯಾಟಿನ್ನಿನ ‘ಡೆಕ್ಸ್ಟರ್’ ಬಲ, ‘ಲೀವಸ್’ ಎಡ ಎಂದು ತಿಳಿದ ಕೂಡಲೇ ಇದನ್ನು ‘ಬಲಗೈ ಅಣು’ ಎಂದು ಬರೆದುಬಿಡುತ್ತಾರೆ. ಡೆಕ್ಸ್ಟ್ರೊ ಹೇಳುವುದು ಅಣುವಿನ ಆಕಾರವನ್ನಲ್ಲ, ಅದರ ದ್ರಾವಣವು ಧ್ರುವೀಕೃತ (ಒಂದೇ ಸಮತಲದಲ್ಲಿ ಕಂಪಿಸುವ) ಬೆಳಕಿನ ಸಮತಲವನ್ನು ಯಾವ ಕಡೆಗೆ ತಿರುಗಿಸುತ್ತದೆ ಎಂಬುದನ್ನು. ಆಕಾರವನ್ನು ಹೇಳಲು ‘ಆರ್’ ಮತ್ತು ‘ಎಸ್’ ಎಂಬ ಬೇರೆ ಗುರುತುಗಳಿವೆ. ಇವು ‘ರೆಕ್ಟಸ್’ ಮತ್ತು ‘ಸಿನಿಸ್ಟರ್’ ಪದಗಳಿಂದ ಬಂದವು, ಸಿನಿಸ್ಟರ್ ಎಂದರೂ ಎಡವೇ. ಡೆಕ್ಸ್ಟ್ರೊಮೆಥಾರ್ಫಾನಿನ ಮೂರೂ ಕೈರಲ್ (ಎಡ-ಬಲ ಭೇದವಿರುವ) ಇಂಗಾಲಗಳು ‘ಎಸ್’ ಗುರುತಿನವು, ಅಂದರೆ ಹೆಸರಿನಲ್ಲಿ ಬಲ, ಗುರುತಿನಲ್ಲಿ ಎಡ. ಇವೆರಡರ ಜೊತೆಗೆ ದೊಡ್ಡಕ್ಷರದ ‘ಡಿ’ ಮತ್ತು ‘ಎಲ್’ ಎಂಬ ಮೂರನೆಯ ಪದ್ಧತಿಯೂ ಇದೆ, ಅದೂ ಆಕಾರದ್ದೇ: ಡಿ-ಫ್ರಕ್ಟೋಸ್ ಬೆಳಕನ್ನು ಎಡಕ್ಕೆ ತಿರುಗಿಸುತ್ತದೆ, ಎಲ್-ಅಲನಿನ್ ಬಲಕ್ಕೆ. ಮೂರು ಪದ್ಧತಿಗಳನ್ನು ಒಂದೇ ಎಂದುಕೊಂಡು ಬರೆದ ವಾಕ್ಯವನ್ನು ತಿದ್ದುವುದಕ್ಕಿಂತ ಹೊಡೆದುಹಾಕುವುದು ಸುಲಭ.

ಎನಾನ್ಷಿಯೋಮರುಗಳ ಈ ವ್ಯತ್ಯಾಸ ಮಾದಕವಸ್ತು ಪತ್ತೆಯ ಮೂತ್ರ ಪರೀಕ್ಷೆಯಲ್ಲಿ ಭಾರಿಯಾಗುತ್ತದೆ. ಯಕೃತ್ತಿನ ಸಿವೈಪಿ2ಡಿ6 ಕಿಣ್ವವು ಡೆಕ್ಸ್ಟ್ರೊಮೆಥಾರ್ಫಾನನ್ನು ಡೆಕ್ಸ್ಟ್ರಾರ್ಫಾನ್ ಆಗಿ ಮಾರ್ಪಡಿಸುತ್ತದೆ. ಲೆವೊಮೆಥಾರ್ಫಾನಿನಿಂದ ಹುಟ್ಟುವುದು ಲೆವಾರ್ಫನಾಲ್, ಅದು ಮಾರ್ಫಿನ್‌ಗಿಂತ ಪ್ರಬಲವಾದ ಓಪಿಯಾಯ್ಡ್ (ಅಫೀಮಿನ ಬಗೆಯ ನೋವುನಿವಾರಕ). ಕನ್ನಡಿಬಿಂಬಗಳಾದ ಡೆಕ್ಸ್ಟ್ರಾರ್ಫಾನ್, ಲೆವಾರ್ಫನಾಲ್ ಎರಡರ ಅಣುಭಾರವೂ ಸುಮಾರು 257, ಅಣುಗಳನ್ನು ತೂಗುವ ಮಾಸ್ ಸ್ಪೆಕ್ಟ್ರೋಮೀಟರಿನಲ್ಲಿ ಒಡೆಯುವ ತುಣುಕುಗಳೂ ಒಂದೇ, ಮಿಶ್ರಣವನ್ನು ಬೇರ್ಪಡಿಸುವ ಸಾಮಾನ್ಯ ಕಾಲಮ್ಮಿನಿಂದ (ಕೊಳವೆಯಿಂದ) ಹೊರಬೀಳುವ ಹೊತ್ತೂ ಒಂದೇ. ಹೀಗಿರುವಾಗ ಅಂಥ ಕಾಲಮ್ ಬಳಸಿ ‘ಲೆವಾರ್ಫನಾಲ್ ದೃಢಪಟ್ಟಿದೆ’ ಎಂದು ಬರೆದ ವರದಿಯು ಸಿರಪ್ ಕುಡಿದವನ ಮೇಲೆ ಓಪಿಯಾಯ್ಡ್ ಆರೋಪ ಹೊರಿಸಿದಂತೆಯೇ. ಎರಡೂ ಹೆಸರುಗಳನ್ನು ಓರೆಗೆರೆ ಹಾಕಿ ಒಟ್ಟಿಗೆ ಬರೆಯುವ ಪ್ರಯೋಗಾಲಯ ಹೆಚ್ಚು ಪ್ರಾಮಾಣಿಕ.

ನಿಜವಾಗಿ ಬೇರ್ಪಡಿಸಬೇಕಾದರೆ ಮೊದಲು ಕಿಣ್ವ ಹಾಕಿ, ಮೂತ್ರದಲ್ಲಿ ಗ್ಲುಕುರೊನೈಡ್ (ದೇಹವು ಸಕ್ಕರೆಯಂಥ ಅಂಶ ಅಂಟಿಸಿದ ರೂಪ) ಆಗಿ ಕಟ್ಟಿಕೊಂಡಿರುವ ಅಂಶವನ್ನು ಬಿಡಿಸಬೇಕು. ಅನಂತರ ತಾನೇ ಎಡ ಅಥವಾ ಬಲ ಒಂದೇ ಬಗೆಯ ಅಣುಗಳಿಂದಾದ ಕೈರಲ್ ಕಾಲಮ್ಮಿನ ಮೂಲಕ ಹಾಯಿಸಬೇಕು, ಇಲ್ಲವೇ ಶುದ್ಧವಾದ ಮತ್ತೊಂದು ಕೈರಲ್ ವಸ್ತುವನ್ನು ಅಂಟಿಸಿ, ಕನ್ನಡಿಬಿಂಬವಲ್ಲದ ಜೋಡಿಯನ್ನಾಗಿ ಮಾಡಿಕೊಳ್ಳಬೇಕು. ಫಲಿತಾಂಶದ ಗೆರೆಚಿತ್ರದಲ್ಲಿ ಚಿಕ್ಕ ಶಿಖರವು ದೊಡ್ಡದರ ನಂತರ ಬಂದರೆ ಅದರ ಬಾಲದಲ್ಲೇ ಮುಳುಗಿಹೋಗುತ್ತದೆ, ಆದ್ದರಿಂದ ಅತ್ಯಲ್ಪ ಲೆವೊ ಅಂಶವನ್ನು ಹುಡುಕುವಾಗ ಅದು ಮೊದಲು ಹೊರಬರುವಂಥ ಕಾಲಮ್ಮನ್ನು ಆರಿಸುವುದು ಒಳ್ಳೆಯದು.

2012ರ ಕೊನೆಯಲ್ಲಿ ಪಾಕಿಸ್ತಾನದ ಲಾಹೋರ್ ಮತ್ತು ಗುಜ್ರಾನ್‌ವಾಲಾದಲ್ಲಿ ಸಿರಪ್ ಕುಡಿದ ಹಲವರು ಸತ್ತರು. ಭಾರತದಲ್ಲಿ ತಯಾರಾದ ಡೆಕ್ಸ್ಟ್ರೊಮೆಥಾರ್ಫಾನಿನಲ್ಲಿ ಲೆವೊಮೆಥಾರ್ಫಾನ್ ಬೆರೆತಿತ್ತೆಂದು 2013ರ ಜನವರಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಎಚ್ಚರಿಸಿತು. ಅದೇ ವರ್ಷ ಪೆರಗ್ವೆಯಲ್ಲೂ ಇದೇ ಕಲಬೆರಕೆ ಸಿಕ್ಕಿತು. ಇಂಥ ಸಿರಪ್ಪನ್ನು ‘ರೇಸಿಮಿಕ್’ ಎಂದು ಕರೆಯುವುದು ಇನ್ನೊಂದು ತಪ್ಪು. ದ್ರಾಕ್ಷಿ ಗೊಂಚಲು ಎಂಬರ್ಥದ ಲ್ಯಾಟಿನ್ ಪದದಿಂದ ಬಂದ ರೇಸಿಮಿಕ್, ಎರಡೂ ರೂಪಗಳು ಸರಿಸಮ ಅರ್ಧರ್ಧ ಇರುವ ಮಿಶ್ರಣಕ್ಕೆ ಮೀಸಲು, ಮತ್ತು ಈ ಜೋಡಿಯಲ್ಲಿ ಆ ಮಿಶ್ರಣಕ್ಕೆ ರೇಸಿಮೆಥಾರ್ಫಾನ್ ಎಂಬ ಪ್ರತ್ಯೇಕ ಹೆಸರೇ ಇದೆ.