ಡೆಟ್ರಾಯ್ಟ್ ಡ್ರಾಫ್ಟಿನ ಲೆಕ್ಕ ಗ್ರ್ಯಾಂಡ್ ರ‍್ಯಾಪಿಡ್ಸ್‌ನಲ್ಲಿ ಸಿಗುತ್ತದೆ

ಪ್ರತಿ ವರ್ಷ ಉತ್ತರ ಅಮೆರಿಕದ ದೊಡ್ಡ ಐಸ್ ಹಾಕಿ ಲೀಗ್ ಆದ ಎನ್‌ಎಚ್‌ಎಲ್ ಡ್ರಾಫ್ಟ್ ಮುಗಿದ ಮರುದಿನ ಮಿಶಿಗನ್‌ನಲ್ಲಿರುವ ಕನ್ನಡದ ಗೆಳೆಯರು ನನ್ನನ್ನು ಕೇಳುವುದು ಒಂದೇ. "ಈ ಸಲ ನಮ್ಮ ರೆಡ್ ವಿಂಗ್ಸ್‌ಗೆ ಎಷ್ಟು ಮಾರ್ಕ್ಸ್ ಕೊಡ್ತೀರಿ?" ರೆಡ್ ವಿಂಗ್ಸ್ ಅಂದರೆ ಡೆಟ್ರಾಯ್ಟ್ ತಂಡ. ಆಟಗಾರರ ಅಂಕಿಅಂಶ ಓದುವುದು ನನ್ನ ಕೆಲಸ. ಹಾಗಾಗಿ ಉತ್ತರ ನನ್ನ ಹತ್ತಿರ ಇರುತ್ತದೆ ಅಂತ ಅವರ ನಂಬಿಕೆ. ನಾನು ಹೇಳುವುದು ಇಷ್ಟೇ: ನಾಲ್ಕೈದು ವರ್ಷ ಬಿಟ್ಟು ಕೇಳಿ. ಇದು ಜಾರಿಕೊಳ್ಳುವ ಮಾತಲ್ಲ. ಯಾಕೆ ಅಂತ ಇಲ್ಲಿ ಬಿಡಿಸಿ ಹೇಳುತ್ತೇನೆ.

ಮೊದಲು ಡ್ರಾಫ್ಟ್ ಬಗ್ಗೆ ಎರಡು ಮಾತು. ಇದು ಐಸ್ ಹಾಕಿ. ಐಪಿಎಲ್ ಹರಾಜಿನಲ್ಲಿ ದುಡ್ಡು ಕೂಗುವ ಹಾಗೆ ಇಲ್ಲಿ ಯಾರೂ ಕೂಗುವುದಿಲ್ಲ. 32 ತಂಡಗಳು ಸರದಿಯಂತೆ ಹುಡುಗರನ್ನು ಆರಿಸುತ್ತವೆ. ಒಟ್ಟು ಏಳು ಸುತ್ತು, 224 ಆಯ್ಕೆ. ಹಿಂದಿನ ಸೀಸನ್‌ನಲ್ಲಿ ಹಿಂದೆ ಬಿದ್ದವರಿಗೆ ಮೊದಲು ಆರಿಸುವ ಸರದಿ ಸಿಗುತ್ತದೆ. ತೀರಾ ಮೇಲಿನ ಸ್ಥಾನಗಳನ್ನು ಮಾತ್ರ ಲಾಟರಿ ಎತ್ತಿ ಹಂಚುತ್ತಾರೆ. ಆಯ್ಕೆಯಾಗುವವರಲ್ಲಿ ಹೆಚ್ಚಿನವರಿಗೆ ಹದಿನೆಂಟು ವರ್ಷ. ಆ ವಯಸ್ಸಿನ ಹುಡುಗ ಮೂವತ್ತರ ಗಂಡಸಿನ ಜೊತೆ ಅಂಗಳದ ಗೋಡೆ ಬದಿಯಲ್ಲಿ ಭುಜಕ್ಕೆ ಭುಜ ಕೊಟ್ಟು ಪಕ್ (ಆಟದ ರಬ್ಬರ್ ಬಿಲ್ಲೆ) ಕಿತ್ತುಕೊಳ್ಳಬೇಕು. ಬಹಳಷ್ಟು ಮಂದಿಗೆ ಅದು ಆಗುವುದಿಲ್ಲ. ಹಾಗಾಗಿ ಅವರನ್ನು ಎಲ್ಲಾದರೂ ಬೆಳೆಸಬೇಕು. ಡ್ರಾಫ್ಟಿನ ಅರ್ಧ ಕೆಲಸ ಅಲ್ಲಿಯೇ ಇರುವುದು.

ಡೆಟ್ರಾಯ್ಟ್ ಹೆಸರು ಬಂದರೆ 1989ರ ಡ್ರಾಫ್ಟ್ ನೆನಪಾಗದೆ ಇರದು. ಮೊದಲ ಸುತ್ತಿನಲ್ಲಿ, 11ನೇ ಸ್ಥಾನದಲ್ಲಿ ತೆಗೆದುಕೊಂಡದ್ದು ಮೈಕ್ ಸಿಲಿಂಜರ್. ಒಳ್ಳೆಯ ಆಟಗಾರ, ಸಾವಿರಕ್ಕೂ ಹೆಚ್ಚು ಪಂದ್ಯ ಆಡಿದ. ಆದರೆ ಆ ಅವಧಿಯಲ್ಲಿ ಹನ್ನೆರಡು ತಂಡ ಸುತ್ತಿದ. ಇವತ್ತಿಗೂ ಜನ ಮಾತಾಡುವುದು ಅವನ ನಂತರ ಬಂದವರ ಬಗ್ಗೆ. 53ನೇ ಆಯ್ಕೆ ನಿಕ್ಲಾಸ್ ಲಿಡ್‌ಸ್ಟ್ರೋಮ್. 74ನೇ ಆಯ್ಕೆ ಸೆರ್ಗೆಯ್ ಫೆಡೊರೊವ್. 221ನೇ ಆಯ್ಕೆ ವ್ಲಾದಿಮಿರ್ ಕಾನ್‌ಸ್ಟಾಂಟಿನೊವ್. ಲಿಡ್‌ಸ್ಟ್ರೋಮ್ ಲೀಗಿನ ಅತ್ಯುತ್ತಮ ಡಿಫೆನ್ಸ್‌ಮನ್‌ಗೆ ಕೊಡುವ ನಾರಿಸ್ ಟ್ರೋಫಿಯನ್ನು ಏಳು ಸಲ ಗೆದ್ದರು. ಫೆಡೊರೊವ್ 1994ರಲ್ಲಿ ಇಡೀ ಲೀಗಿನ ಅತಿ ಮೌಲ್ಯದ ಆಟಗಾರನಾದರು.

ಇದು ಬರೀ ಅದೃಷ್ಟ ಅಂತ ಹೇಳುವವರಿದ್ದಾರೆ. ನಾನು ಒಪ್ಪುವುದಿಲ್ಲ. ಆಗ ಸ್ವೀಡನ್ನಿನ ಸಣ್ಣ ಊರುಗಳಿಗೆ ಹೋಗಿ ಪ್ರತಿಭೆ ಹುಡುಕುವ ಸ್ಕೌಟ್‌ಗಳು ಕಡಿಮೆ. ಡೆಟ್ರಾಯ್ಟ್ ಪರವಾಗಿ ಕ್ರಿಸ್ಟರ್ ರಾಕ್‌ಸ್ಟ್ರೋಮ್ ಅಲ್ಲಿದ್ದರು. ಲಿಡ್‌ಸ್ಟ್ರೋಮ್ ಸಿಕ್ಕಿದ್ದು ಅವರ ಕಣ್ಣಿಗೆ. ಇನ್ನು ಸೋವಿಯತ್ ಆಟಗಾರರು ದೇಶ ಬಿಟ್ಟು ಬರುತ್ತಾರೋ ಇಲ್ಲವೋ ಯಾರಿಗೂ ಖಾತ್ರಿ ಇರಲಿಲ್ಲ. ಉಳಿದ ತಂಡಗಳು ಆ ಭಯಕ್ಕೆ ಹಿಂದೆ ಸರಿದವು, ಡೆಟ್ರಾಯ್ಟ್ ಕೈ ಹಾಕಿತು.

ಮುಂದೆ ಡೆಟ್ರಾಯ್ಟ್ ಸ್ಕೌಟ್ ಆಗಿ ಹೋಕನ್ ಆಂಡರ್ಸನ್ ಬಂದರು. ಅವರು ರಷ್ಯಾಕ್ಕೆ ದ್ಮಿತ್ರಿ ಕಲಿನಿನ್ ಎಂಬ ಬೇರೆ ಹುಡುಗನನ್ನು ನೋಡಲು ಹೋಗಿದ್ದರು. ಆ ಪಂದ್ಯದಲ್ಲಿ ಎದುರು ತಂಡದ ಸಣ್ಣ ಮೈಕಟ್ಟಿನ ಒಬ್ಬ ಆಟಗಾರ ಕಣ್ಣಿಗೆ ಬಿದ್ದ. ಅವನೇ ಪಾವೆಲ್ ದತ್ಸ್ಯುಕ್. 1998ರಲ್ಲಿ 171ನೇ ಆಯ್ಕೆ. ಮರುವರ್ಷ ಡೆಟ್ರಾಯ್ಟ್ ಬಳಿ ಮೊದಲ ಸುತ್ತಿನ ಪಿಕ್ (ಆರಿಸುವ ಸರದಿ) ಇರಲೇ ಇಲ್ಲ, ಕ್ರಿಸ್ ಚೆಲಿಯೋಸ್ ಎಂಬ ಆಟಗಾರನಿಗಾಗಿ ಅದನ್ನು ಶಿಕಾಗೋಗೆ ಕೊಟ್ಟಾಗಿತ್ತು. ಆ ವರ್ಷ 210ನೇ ಸ್ಥಾನದಲ್ಲಿ ಸಿಕ್ಕವರು ಹೆನ್ರಿಕ್ ಝೆಟ್ಟರ್‌ಬರ್ಗ್. 2008ರಲ್ಲಿ ತಂಡ ಲೀಗಿನ ಅಂತಿಮ ಪ್ರಶಸ್ತಿಯಾದ ಸ್ಟ್ಯಾನ್ಲಿ ಕಪ್ ಗೆದ್ದಾಗ ಪ್ಲೇಆಫ್‌ನ ಅತ್ಯುತ್ತಮ ಆಟಗಾರ ಅವರೇ.

ಈ ಕಥೆ ಹೇಳುವಾಗ ಜನ ಒಂದು ವಿಷಯ ಬಿಟ್ಟುಬಿಡುತ್ತಾರೆ. ಇವರಲ್ಲಿ ಯಾರೂ ಆಯ್ಕೆಯಾದ ವರ್ಷವೇ ಅಮೆರಿಕಕ್ಕೆ ಬರಲಿಲ್ಲ. ಲಿಡ್‌ಸ್ಟ್ರೋಮ್ ಬಂದದ್ದು 1991ರಲ್ಲಿ. ದತ್ಸ್ಯುಕ್ 2001ರಲ್ಲಿ, ಝೆಟ್ಟರ್‌ಬರ್ಗ್ 2002ರಲ್ಲಿ. ಅಲ್ಲಿಯವರೆಗೆ ಅವರು ತಮ್ಮ ಊರಿನ ದೊಡ್ಡವರ ಲೀಗ್‌ಗಳಲ್ಲಿ ಆಡುತ್ತಿದ್ದರು, ದಿನಾ ಗಂಡಸರ ಎದುರು. ಡೆಟ್ರಾಯ್ಟ್‌ಗೆ ಆಗ ಗಡಿಬಿಡಿ ಇರಲಿಲ್ಲ. ದೊಡ್ಡ ತಂಡ ಗೆಲ್ಲುತ್ತಿತ್ತು, ಸತತ 25 ಸೀಸನ್ ಪ್ಲೇಆಫ್ ಆಡಿತು. ಕಾಯಲು ಆಗುತ್ತಿತ್ತು, ಕಾದರು. ಆ ಡ್ರಾಫ್ಟ್‌ಗಳ ಯಶಸ್ಸಿನಲ್ಲಿ ಸ್ಕೌಟ್‌ನ ಕಣ್ಣಿಗೆ ಎಷ್ಟು ಪಾಲಿದೆಯೋ ಈ ಕಾಯುವಿಕೆಗೂ ಅಷ್ಟೇ ಪಾಲಿದೆ ಅನ್ನುವುದು ನನ್ನ ಅಭಿಪ್ರಾಯ.

ಆಮೇಲೆ ಎಲ್ಲ ತಂಡಗಳೂ ಯೂರೋಪಿಗೆ ಸ್ಕೌಟ್‌ಗಳನ್ನು ಕಳಿಸಿದವು. ವಿಡಿಯೋ ಬಂತು. ಸ್ವೀಡನ್ನಿನ ಯಾವ ಮೂಲೆಯ ಪಂದ್ಯವನ್ನೂ ಟೊರಾಂಟೊದಲ್ಲಿ ಕೂತು ನೋಡಬಹುದು. 2005ರಿಂದ ಸಂಬಳಕ್ಕೆ ಮಿತಿ ಬಂದ ಮೇಲೆ ದುಡ್ಡು ಸುರಿದು ಹಿರಿಯರನ್ನು ತರುವ ದಾರಿಯೂ ಕಿರಿದಾಯಿತು. ಉಳಿದದ್ದು ಬೆಳೆಸುವ ಕೆಲಸ. ಅದು ನಡೆಯುವುದು ಗ್ರ್ಯಾಂಡ್ ರ‍್ಯಾಪಿಡ್ಸ್‌ನಲ್ಲಿ. ಡೆಟ್ರಾಯ್ಟ್‌ನಿಂದ ಪಶ್ಚಿಮಕ್ಕೆ ಕಾರಿನಲ್ಲಿ ಎರಡೂವರೆ ಗಂಟೆ. ಅಲ್ಲಿನ ಗ್ರಿಫಿನ್ಸ್ 2002ರಿಂದ ರೆಡ್ ವಿಂಗ್ಸ್‌ನ ಎಎಚ್‌ಎಲ್ ತಂಡ. ಎಎಚ್‌ಎಲ್ ಅಂದರೆ ಎನ್‌ಎಚ್‌ಎಲ್‌ಗಿಂತ ಒಂದು ಮೆಟ್ಟಿಲು ಕೆಳಗಿನ ಲೀಗ್.

ಜಿಮ್ಮಿ ಹೊವರ್ಡ್ 2003ರಲ್ಲಿ 64ನೇ ಆಯ್ಕೆ, ಗೋಲ್‌ಕೀಪರ್. ಮೇನ್ ವಿಶ್ವವಿದ್ಯಾಲಯದ ನಂತರ ಗ್ರ್ಯಾಂಡ್ ರ‍್ಯಾಪಿಡ್ಸ್‌ನಲ್ಲಿ ನಾಲ್ಕು ಸೀಸನ್ ಕಳೆದರು. 2009ರಲ್ಲಿ ಮೇಲೆ ಬಂದವರು ವರ್ಷಗಟ್ಟಲೆ ಡೆಟ್ರಾಯ್ಟ್‌ನ ಮುಖ್ಯ ಗೋಲ್‌ಕೀಪರ್ ಆಗಿದ್ದರು. ಗುಸ್ತಾವ್ ನೀಕ್ವಿಸ್ಟ್ 121ನೇ ಆಯ್ಕೆ, ತೊಮಾಸ್ ತಾತಾರ್ 60ನೇ ಆಯ್ಕೆ. ಇಬ್ಬರೂ 2013ರಲ್ಲಿ ಗ್ರಿಫಿನ್ಸ್ ಜೊತೆ ಎಎಚ್‌ಎಲ್‌ನ ಅಂತಿಮ ಪ್ರಶಸ್ತಿಯಾದ ಕಾಲ್ಡರ್ ಕಪ್ ಗೆದ್ದರು, ತಾತಾರ್ ಪ್ಲೇಆಫ್‌ನ ಅತ್ಯುತ್ತಮ ಆಟಗಾರ. ಮುಂದಿನ ಸೀಸನ್ ಶುರುವಾದಾಗ ನೀಕ್ವಿಸ್ಟ್‌ರನ್ನು ಮತ್ತೆ ಕೆಳಗೇ ಇಟ್ಟರು. ನವೆಂಬರ್‌ನಲ್ಲಿ ಕರೆಸಿಕೊಂಡ ಮೇಲೆ ಅವರು 57 ಪಂದ್ಯದಲ್ಲಿ 28 ಗೋಲು ಹೊಡೆದರು. ತಂಡದಲ್ಲೇ ಜಾಸ್ತಿ.

ಅವರನ್ನು ಕೆಳಗೆ ಇಡಲು ಆದದ್ದು ಒಂದು ನಿಯಮದಿಂದ. ಆಟಗಾರ ಕೆಲವು ವರ್ಷ ಅಥವಾ ಇಂತಿಷ್ಟು ಪಂದ್ಯ ದಾಟಿದ ಮೇಲೆ ಅವನನ್ನು ಕೆಳಗೆ ಕಳಿಸಬೇಕಾದರೆ ಮೊದಲು ವೇವರ್ಸ್‌ನಲ್ಲಿ ಹಾಕಬೇಕು. ಆಗ ಬೇರೆ ಯಾವ ತಂಡ ಬೇಕಾದರೂ ಅವನನ್ನು ಎತ್ತಿಕೊಳ್ಳಬಹುದು. ನೀಕ್ವಿಸ್ಟ್ ಇನ್ನೂ ಆ ಮಿತಿಯೊಳಗಿದ್ದರು. ಮುಂದೆ ತೇಮು ಪುಲ್ಕಿನೆನ್ ಎಂಬ ಇನ್ನೊಬ್ಬ ಗ್ರಿಫಿನ್ಸ್ ಆಟಗಾರನಿಗೆ ಆ ರಕ್ಷಣೆ ಮುಗಿದಿತ್ತು. 2014-15ರಲ್ಲಿ ಎಎಚ್‌ಎಲ್‌ನಲ್ಲಿ ಅತಿ ಹೆಚ್ಚು ಗೋಲು ಹೊಡೆದವನು ಅವನೇ. ಭಯಂಕರ ಶಾಟ್. ಆದರೆ ಮೇಲಿನ ಲೀಗಿನ ವೇಗದಲ್ಲಿ ಆ ಶಾಟ್ ಹೊಡೆಯಲು ಜಾಗವೇ ಸಿಗುತ್ತಿರಲಿಲ್ಲ. 2016ರ ಅಕ್ಟೋಬರ್‌ನಲ್ಲಿ ವೇವರ್ಸ್‌ಗೆ ಹಾಕಿದರು, ಮಿನೆಸೋಟ ಎತ್ತಿಕೊಂಡಿತು. ಡೆಟ್ರಾಯ್ಟ್‌ಗೆ ಬದಲಿಗೆ ಯಾವ ಆಟಗಾರನೂ ಬರಲಿಲ್ಲ. ಅಂದರೆ ಕಾಯುವುದಕ್ಕೂ ಒಂದು ಗಡುವಿದೆ. ಅಷ್ಟರೊಳಗೆ ತಂಡ ತೀರ್ಮಾನ ಮಾಡಲೇಬೇಕು.

ಕೆಳಗಿನ ತಂಡ ಕಪ್ ಗೆದ್ದರೆ ಮೇಲಿನ ತಂಡಕ್ಕೆ ಒಳ್ಳೆಯ ಕಾಲ ಬರುತ್ತದೆ ಅಂತ ಹೇಳಲೂ ಆಗುವುದಿಲ್ಲ. 2017ರಲ್ಲಿ ಗ್ರಿಫಿನ್ಸ್ ಮತ್ತೆ ಕಾಲ್ಡರ್ ಕಪ್ ಗೆದ್ದರು. ಅದೇ ವಸಂತದಲ್ಲಿ ರೆಡ್ ವಿಂಗ್ಸ್‌ನ 25 ಸೀಸನ್‌ಗಳ ಪ್ಲೇಆಫ್ ಸರಣಿ ಮುರಿಯಿತು. ಆ ಗ್ರಿಫಿನ್ಸ್ ತಂಡದಿಂದ ಟೈಲರ್ ಬರ್ಟುಜಿ ಗಟ್ಟಿಯಾಗಿ ನಿಂತರು, 2021-22ರಲ್ಲಿ 30 ಗೋಲು ಹೊಡೆದರು. ಉಳಿದ ಕೆಲವರಿಗೆ ಎಎಚ್‌ಎಲ್‌ನ ಎತ್ತರವೇ ಅವರ ಎತ್ತರವಾಗಿತ್ತು.

2018ರ ನೋವು ಇನ್ನೂ ಮಾಸಿಲ್ಲ. ಆರನೇ ಸ್ಥಾನದಲ್ಲಿ ಫಿಲಿಪ್ ಜಾದಿನಾರನ್ನು ತೆಗೆದುಕೊಂಡರು. ಏಳನೇ ಸ್ಥಾನದಲ್ಲಿ ವ್ಯಾಂಕೂವರ್ ಕ್ವಿನ್ ಹ್ಯೂಸ್‌ರನ್ನು ಆರಿಸಿತು. ಹ್ಯೂಸ್ ಆಗ ಆಡುತ್ತಿದ್ದದ್ದು ಪಕ್ಕದ ಆನ್ ಆರ್ಬರ್‌ನಲ್ಲೇ, ಮಿಶಿಗನ್ ವಿಶ್ವವಿದ್ಯಾಲಯಕ್ಕೆ. 2024ರಲ್ಲಿ ಅವರಿಗೆ ನಾರಿಸ್ ಟ್ರೋಫಿ ಬಂತು. ಜಾದಿನಾ 2023ರಲ್ಲಿ ಒಪ್ಪಂದ ಬಿಟ್ಟು ತಂಡದಿಂದ ಹೊರನಡೆದರು. ಬೆಳೆಸುವ ವ್ಯವಸ್ಥೆ ಎಷ್ಟೇ ಚೆನ್ನಾಗಿದ್ದರೂ ಆಯ್ಕೆಯ ತಪ್ಪನ್ನು ಪೂರ್ತಿ ಮುಚ್ಚಲಾರದು. ಇದನ್ನು ನೇರವಾಗಿ ಒಪ್ಪಿಕೊಳ್ಳಬೇಕು.

2019ರಲ್ಲಿ ಸ್ಟೀವ್ ಐಜರ್‌ಮನ್ ಜನರಲ್ ಮ್ಯಾನೇಜರ್ ಆದರು. ಮೊದಲ ಡ್ರಾಫ್ಟ್‌ನಲ್ಲೇ ಆರನೇ ಸ್ಥಾನದಲ್ಲಿ ಜರ್ಮನಿಯ ಮೊರಿಟ್ಜ್ ಸೈಡರ್. ಅಷ್ಟು ಮೇಲೆ ಅವರ ಹೆಸರು ಬರುತ್ತದೆಂದು ಬಹಳ ಮಂದಿ ಎಣಿಸಿರಲಿಲ್ಲ. ಆಮೇಲೆ ನಡೆದದ್ದೇ ನನಗೆ ಮುಖ್ಯ. ಒಂದು ಸೀಸನ್ ಗ್ರ್ಯಾಂಡ್ ರ‍್ಯಾಪಿಡ್ಸ್. ಮರುವರ್ಷ ಸ್ವೀಡನ್ನಿನ ರೋಗ್ಲೆ ತಂಡ, ಅಲ್ಲಿ ಲೀಗಿನ ಅತ್ಯುತ್ತಮ ಡಿಫೆನ್ಸ್‌ಮನ್. ಮೂರನೇ ವರ್ಷ ಡೆಟ್ರಾಯ್ಟ್‌ಗೆ ಬಂದು 50 ಪಾಯಿಂಟ್ (ಹೊಡೆದ ಗೋಲು, ಗೋಲಿಗೆ ಕೊಟ್ಟ ನೆರವು ಎರಡೂ ಸೇರಿ) ಗಳಿಸಿ ವರ್ಷದ ಹೊಸ ಆಟಗಾರ ಪ್ರಶಸ್ತಿ ಗೆದ್ದರು. ಅವರು ಯೂರೋಪಿನಿಂದ ಬಂದವರಾದ್ದರಿಂದ ಹದಿನೆಂಟಕ್ಕೇ ಎಎಚ್‌ಎಲ್ ಆಡಲು ಆಯಿತು. ಕೆನಡಾದ ಜೂನಿಯರ್ ಲೀಗಿನಿಂದ ಬಂದ ಹುಡುಗರಿಗೆ ಆಗ ಆ ದಾರಿ ಇರಲಿಲ್ಲ. 2023ರಲ್ಲಿ ಒಂಬತ್ತನೇ ಆಯ್ಕೆಯಾದ ನೇಟ್ ಡೇನಿಯಲ್‌ಸನ್ ಇನ್ನೊಂದು ವರ್ಷ ಜೂನಿಯರ್ ಆಡಿಯೇ ಗ್ರ್ಯಾಂಡ್ ರ‍್ಯಾಪಿಡ್ಸ್‌ಗೆ ಬರಬೇಕಾಯಿತು. ಹಾಗಾಗಿ ಇಬ್ಬರ ಬೆಳವಣಿಗೆಯನ್ನು ಒಂದೇ ಗಡಿಯಾರದಲ್ಲಿ ಅಳೆಯುವುದು ಸರಿಯಲ್ಲ, ಅಲ್ವಾ?

ಗ್ರಿಫಿನ್ಸ್ ಪಂದ್ಯ ನೋಡುವಾಗ ನಾನು ಪಾಯಿಂಟ್ ಪಟ್ಟಿಯನ್ನು ಕೊನೆಗೆ ತೆಗೆಯುತ್ತೇನೆ. ಮೊದಲು ವಯಸ್ಸು. ಹತ್ತೊಂಬತ್ತರ ಹುಡುಗನ 30 ಪಾಯಿಂಟ್ ಇಪ್ಪತ್ತಾರರವನ 50ಕ್ಕಿಂತ ಹೆಚ್ಚು ಹೇಳುತ್ತದೆ. ಆಮೇಲೆ, ಒಂದು ಗೋಲಿನ ಮುನ್ನಡೆ ಇರುವಾಗ ಕೊನೆಯ ಎರಡು ನಿಮಿಷ ಕೋಚ್ ಯಾರನ್ನು ಇಳಿಸುತ್ತಾನೆ? ತಂಡದ ಒಬ್ಬ ಪೆನಾಲ್ಟಿಯಲ್ಲಿ ಹೊರಗೆ ಕೂತಾಗ ರಕ್ಷಣೆಗೆ ಯಾರು? ಎಎಚ್‌ಎಲ್‌ನಲ್ಲಿ ಪಂದ್ಯಗಳು ಜಾಸ್ತಿ ಶುಕ್ರವಾರದಿಂದ ಭಾನುವಾರದ ಒಳಗೇ ಬರುತ್ತವೆ. ಮೂರು ದಿನದಲ್ಲಿ ಮೂರು ಪಂದ್ಯ ಬಿದ್ದಾಗ ಭಾನುವಾರ ಮಧ್ಯಾಹ್ನ ಹುಡುಗನ ಕಾಲು ಹೇಗೆ ಓಡುತ್ತದೆ ಅಂತ ನೋಡಿ. ವಾರದ ಮಧ್ಯೆ ಸಿಗುವ ಅಭ್ಯಾಸದ ದಿನಗಳೇ ಈ ಲೀಗಿನ ದೊಡ್ಡ ಲಾಭ. ಎನ್‌ಎಚ್‌ಎಲ್‌ನಲ್ಲಿ ಅಷ್ಟು ಪುರುಸೊತ್ತು ಇರುವುದಿಲ್ಲ.

ಗೋಲ್‌ಕೀಪರ್‌ಗಳ ಲೆಕ್ಕವೇ ಬೇರೆ. 2021ರಲ್ಲಿ ಐಜರ್‌ಮನ್ ಪಿಕ್ ಬದಲಾಯಿಸಿಕೊಂಡು ಮೇಲೆ ಹೋಗಿ 15ನೇ ಸ್ಥಾನದಲ್ಲಿ ಸೆಬಾಸ್ಟಿಯನ್ ಕೊಸಾರನ್ನು ತೆಗೆದುಕೊಂಡರು. ಸ್ವೀಡನ್ನಿನ ಯೆಸ್ಪರ್ ವಾಲ್‌ಸ್ಟೆಟ್ ಇನ್ನೂ ಉಳಿದಿದ್ದರು, ಐದು ಸ್ಥಾನ ಕೆಳಗೆ ಮಿನೆಸೋಟಕ್ಕೆ ಸಿಕ್ಕರು. ಯಾರು ಸರಿ ಅಂತ ಜಗಳ ಆ ರಾತ್ರಿಯೇ ಶುರುವಾಯಿತು. ಕೊಸಾ ಮೊದಲ ವೃತ್ತಿಪರ ಸೀಸನ್‌ನ ಹೆಚ್ಚು ಭಾಗ ಇನ್ನೂ ಒಂದು ಮೆಟ್ಟಿಲು ಕೆಳಗೆ, ಇಸಿಎಚ್‌ಎಲ್‌ನ ಟೊಲೀಡೊದಲ್ಲಿ ಆಡಿದರು. ಆಗಲೇ ಕೆಲವರು ಅವರನ್ನು ಸೋತ ಪಿಕ್ ಅಂದರು. ಅಲ್ಲಿಂದ ಗ್ರ್ಯಾಂಡ್ ರ‍್ಯಾಪಿಡ್ಸ್‌ಗೆ ಬಂದರು. 2024ರ ಡಿಸೆಂಬರ್‌ನಲ್ಲಿ ಬಫಲೋದಲ್ಲಿ ಪಂದ್ಯದ ಮಧ್ಯೆ ಇಳಿದು, ತಮ್ಮ ಮೊದಲ ಎನ್‌ಎಚ್‌ಎಲ್ ಪಂದ್ಯವನ್ನೇ ಶೂಟೌಟ್‌ನಲ್ಲಿ ಗೆದ್ದರು. ಆಮೇಲೆ ಮತ್ತೆ ಕೆಳಗೆ ಕಳಿಸಿದರು. ಹೊವರ್ಡ್ ಖಾಯಂ ಆಗಿ ಮೇಲೆ ಬಂದಾಗ ಅವರಿಗೆ ಇಪ್ಪತ್ತೈದು. ಕೊಸಾಗೆ ಆ ವಯಸ್ಸು ತುಂಬುವುದು 2027ರ ಕೊನೆಗೆ. 2021ರ ಡ್ರಾಫ್ಟಿಗೆ ನಾನು ಮಾರ್ಕ್ಸ್ ಹಾಕುವುದು ಅದಾದ ಮೇಲೆ.