ಕಾಸರಗೋಡಿನ ಕಾಡುಹಂದಿ: ಕೋವಿಯೊಂದರಿಂದ ಮುಗಿಯದ ಲೆಕ್ಕ

ಮುಳ್ಳೇರಿಯ, ದೇಲಂಪಾಡಿ, ಎಣ್ಮಕಜೆ ಕಡೆಯ ಕೃಷಿಕರಿಗೆ ಮರಗೆಣಸು ನೆಡುವುದೆಂದರೆ ಈಗ ರಾತ್ರಿಯ ನಿದ್ದೆ ಬಿಡುವುದು ಎಂದೇ ಅರ್ಥ. ಕಾಡುಹಂದಿಯ ಹಿಂಡು ಹೊಕ್ಕು ಹೋದ ತೋಟವನ್ನು ಬೆಳಗ್ಗೆ ನೋಡಬೇಕು. ಬಾಳೆಯ ಬುಡ ಬಗೆದು ಗೆಡ್ಡೆ ಅರ್ಧ ತಿಂದಿರುತ್ತವೆ. ಎರಡು ವರ್ಷ ನೀರುಣಿಸಿದ ಅಡಿಕೆ ಸಸಿ ಬೇರುಸಮೇತ ಮಗುಚಿರುತ್ತದೆ. ಎರೆಹುಳು ಹುಡುಕಿದಲ್ಲೆಲ್ಲ ಮಣ್ಣು ನೇಗಿಲು ಹೊಡೆದಂತೆ ಎದ್ದಿರುತ್ತದೆ. ಆ ನಷ್ಟ ಉಂಡವರ ಸಿಟ್ಟು ನ್ಯಾಯವಾದದ್ದು.

ಹಂದಿ ಇಲ್ಲಿಗೆ ಹೊಸದಲ್ಲ. ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯೊಳಗಿದ್ದ ಕಾಲದಲ್ಲೂ, ಅಂದರೆ 1956ಕ್ಕೂ ಮುಂಚೆ, ಊರವರು ಕೂಡಿ ಹಂದಿಬೇಟೆಗೆ ಹೋಗುವುದಿತ್ತು. 1940ರ ದಶಕದಿಂದ ತಿರುವಾಂಕೂರಿನ ವಲಸಿಗರು ಪೂರ್ವದ ಗುಡ್ಡಗಳನ್ನು ಕಡಿದು ಮರಗೆಣಸು, ಆಮೇಲೆ ರಬ್ಬರ್ ಬೆಳೆಸಿದರು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬೇಟೆಗೆ ಕಡಿವಾಣ ಹಾಕಿತು. ಹಂದಿ ಹೆಚ್ಚಲು ಈ ಕಾಯಿದೆಯೇ ಕಾರಣ ಎನ್ನುವವರು ಬಹಳ. ನನಗೆ ಅದು ಅರ್ಧ ಉತ್ತರವಾಗಿ ಕಾಣುತ್ತದೆ. ಆಳು ಸಿಗದೆ ಪಾಳು ಬಿದ್ದ ಜಾಗ, ಪೊದೆ ಸವರದ ಗೇರು ತೋಟ, ಪಕ್ಕದಲ್ಲೇ ನೀರು ಬಿಟ್ಟ ಬಾಳೆ: ಹಗಲು ಅಡಗಲು ತಾವು, ರಾತ್ರಿ ತಿನ್ನಲು ಊಟ, ಎರಡನ್ನೂ ಹಂದಿಗೆ ನಾವೇ ಒದಗಿಸಿದ್ದೇವೆ.

ಹೊಟ್ಟೆ ತುಂಬಿದ ಹಂದಿ ಬೇಗ ಮರಿಹಾಕುತ್ತದೆ. ಗರ್ಭದ ಅವಧಿ ಸುಮಾರು ನಾಲ್ಕು ತಿಂಗಳು, ಒಂದು ಸೂಲಿಗೆ ಸಾಮಾನ್ಯವಾಗಿ ನಾಲ್ಕರಿಂದ ಆರು ಮರಿ. ಮೇವು ಚೆನ್ನಾಗಿದ್ದರೆ ಹೆಣ್ಣುಮರಿ ವರ್ಷ ತುಂಬುವ ಹೊತ್ತಿಗೇ ಬೆದೆಗೆ ಬರಬಲ್ಲದು. ಇಷ್ಟು ವೇಗವಾಗಿ ಹೆಚ್ಚುವ ಪ್ರಾಣಿಯನ್ನು ಕಾಡಿನಲ್ಲಿ ತಡೆದು ನಿಲ್ಲಿಸುವುದು ಮೇವಿನ ಕೊರತೆ, ರೋಗ ಮತ್ತು ಬೇಟೆಗಾರ ಪ್ರಾಣಿಗಳು.

ಆ ಬೇಟೆಗಾರರಲ್ಲಿ ಇಲ್ಲಿ ಉಳಿದವರು ಯಾರು? ವನ್ಯಜೀವಿ ವಿಜ್ಞಾನಿಗಳಾದ ಉಲ್ಲಾಸ ಕಾರಂತ ಮತ್ತು ಮೆಲ್ವಿನ್ ಸನ್‌ಕ್ವಿಸ್ಟ್ ನಾಗರಹೊಳೆಯಲ್ಲಿ ನಡೆಸಿ 1995ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಹುಲಿ ಕೊಂದ ಮುಖ್ಯ ಬೇಟೆಗಳ ಸರಾಸರಿ ತೂಕ 91.5 ಕಿಲೋ, ಚಿರತೆ ಕೊಂದವುಗಳದ್ದು 37.6 ಕಿಲೋ. ಕೋರೆಯುಳ್ಳ ಬಲಿತ ಹಂದಿಯನ್ನು ಎದುರಿಸುವುದು ಹುಲಿಗೆ ಒಗ್ಗಿದ ಕೆಲಸ. ಚಿರತೆ ಮರಿಗಳನ್ನೂ ಎಳೆಯ ಹಂದಿಗಳನ್ನೂ ಹಿಡಿಯುತ್ತದೆ. ತೀರ ಚಿಕ್ಕ ಮರಿಗೆ ಗುಳ್ಳೆನರಿಯೂ ಹೊಂಚುತ್ತದೆ. ಹುಲಿ ನೆಲೆಯೂರದ ನಮ್ಮ ಮುರಕಲ್ಲಿನ ಗುಡ್ಡಗಳಲ್ಲಿ ಈ ಕೆಲಸವೆಲ್ಲ ಚಿರತೆ, ನರಿಗಳ ಪಾಲಿಗೆ ಬಂದಿದೆ. ಅವು ಹಂದಿಯ ಸಂಖ್ಯೆಯನ್ನು ಪೂರ್ತಿ ಹಿಡಿದು ನಿಲ್ಲಿಸಲಾರವು, ನಿಜ. ಆದರೆ ಮರಿಗಳಿಗೆ ಬೀಳುವ ಅಷ್ಟು ಪೆಟ್ಟೂ ತಪ್ಪಿದರೆ?

2022ರ ಮೇ ತಿಂಗಳಲ್ಲಿ ಕೇರಳ ಸರಕಾರ ಹಂದಿಯನ್ನು ಕೊಲ್ಲಲು ಅನುಮತಿ ಕೊಡುವ ಅಧಿಕಾರವನ್ನು ಪಂಚಾಯತು ಅಧ್ಯಕ್ಷರಂಥ ಸ್ಥಳೀಯ ಮುಖ್ಯಸ್ಥರಿಗೆ ವಹಿಸಿತು. ವಿಷ, ಸ್ಫೋಟಕ, ವಿದ್ಯುತ್ ಬಳಸಬಾರದು ಎಂಬ ಷರತ್ತೂ ಇತ್ತು. ಹಂದಿಯನ್ನು ಉಪದ್ರವಕಾರಿ ಪ್ರಾಣಿ ಎಂದು ಘೋಷಿಸಬೇಕೆಂಬ ರಾಜ್ಯದ ಬೇಡಿಕೆಗೆ ಕೇಂದ್ರ ಒಪ್ಪಲಿಲ್ಲ. ತೋಟಕ್ಕೆ ನುಗ್ಗುವ ಹಂದಿಗೆ ಪರವಾನಗಿಯ ಕೋವಿ ಹಿಡಿಯುವುದನ್ನು ನಾನು ವಿರೋಧಿಸುವುದಿಲ್ಲ. ಆದರೆ ಹಂದಿಬೇಟೆ ಜೋರಾಗಿರುವ ಈಶಾನ್ಯ ಫ್ರಾನ್ಸಿನ ಕಾಡೊಂದರಲ್ಲಿ ಸಂಶೋಧಕರು ಕಂಡದ್ದು ನಮಗೂ ಪಾಠ: ವರ್ಷಗಳು ಕಳೆದಂತೆ ಮರಿಗಳು ಹುಟ್ಟುವ ದಿನವೇ ಮೊದಲಿಗಿಂತ ಬೇಗ ಬರತೊಡಗಿತು. ಬೇಗ ಹುಟ್ಟಿದ ಹೆಣ್ಣುಮರಿ ಮುಂದಿನ ಬೇಟೆಯ ಹಂಗಾಮಿಗೆ ಮೊದಲೇ ಬೆಳೆದು ಮರಿಹಾಕಲು ಸಿದ್ಧವಾಗುತ್ತದೆ. ಕೊಂದಷ್ಟನ್ನು ಹಂದಿ ತುಂಬಿಕೊಳ್ಳುತ್ತದೆ.

ಉರುಳಿನ ವಿಷಯದಲ್ಲಂತೂ ನನಗೆ ರಾಜಿಯಿಲ್ಲ. ಬೈಕಿನ ಬ್ರೇಕಿನ ತಂತಿಯಿಂದ ಕುಣಿಕೆ ಮಾಡಿ ಹಂದಿಯ ಜಾಡಿನಲ್ಲಿ ಕಟ್ಟುತ್ತಾರೆ. ಅದೇ ಜಾಡಿನಲ್ಲಿ ಚಿರತೆಯೂ ನಡೆಯುತ್ತದೆ. ಸೊಂಟಕ್ಕೆ ಬಿದ್ದ ತಂತಿ, ಎಳೆದಷ್ಟೂ ಮಾಂಸದೊಳಗೆ ಇಳಿಯುತ್ತದೆ. ಹಂದಿಮರಿ ಹಿಡಿಯುವ ಪ್ರಾಣಿ ಹೀಗೆ ಸಾಯುತ್ತದೆ, ಇಲ್ಲವೇ ಕುಂಟುತ್ತ ನಾಯಿ, ಆಡುಗಳನ್ನು ಹುಡುಕಿಕೊಂಡು ಮನೆಯಂಗಳಕ್ಕೆ ಬರುತ್ತದೆ. 2025ರ ಫೆಬ್ರವರಿಯಲ್ಲಿ ಕೊಳತ್ತೂರಿನ ಸುರಂಗವೊಂದರಲ್ಲಿ ಚಿರತೆ ಸಿಕ್ಕಿಬಿದ್ದಿತ್ತು. ಅರಿವಳಿಕೆ ಮದ್ದು ಹೊಡೆದರೂ ಅದು ತಪ್ಪಿಸಿಕೊಂಡು ಓಡಿತು. ಊರಿಗೆ ಊರೇ ಹೆದರಿತ್ತು, ಹೆದರಿಕೆ ಸಹಜವೇ.

ಹಂದಿಗೆ ಕೋವಿಯ ಅನುಮತಿ ಕೊಡುವ ಪಂಚಾಯತು ಅದೇ ಸಭೆಯಲ್ಲಿ ಇನ್ನೆರಡು ಕೆಲಸ ಹಚ್ಚಬೇಕು: ಪಾಳುಜಾಗದ ಪೊದೆ ಸವರಿಸುವುದು, ಅರಣ್ಯ ಇಲಾಖೆಯವರನ್ನು ಕೂಡಿಸಿಕೊಂಡು ಮಳೆಗಾಲಕ್ಕೆ ಮೊದಲು ಗುಡ್ಡದ ಜಾಡುಗಳಲ್ಲಿ ನಡೆದು ಉರುಳು ಕಿತ್ತು ತೆಗೆಯುವುದು.