ಗಾಯಕ್ಕೊಂದು ಚಪ್ಪರ: ಸುಟ್ಟ ಚರ್ಮದ ಪಟ್ಟಿ ಬದಲಾದ ಕಥೆ

ಹಲಸಿನ ಕಾಲ ಬಂತೆಂದರೆ ಕಾಸರಗೋಡಿನ ಬದಿಯಡ್ಕ ಕಡೆಯ ಮನೆಗಳಲ್ಲಿ ಸೊಳೆ ಹುರಿಯುವ ಕೆಲಸ ಜೋರು. ಅಂಥ ಒಂದು ಮಧ್ಯಾಹ್ನ ಬಾಣಲೆ ಜಾರಿ, ಕಾದ ತೆಂಗಿನೆಣ್ಣೆ ನಮ್ಮ ಚಿಕ್ಕಮ್ಮನ ಕೈಮೇಲೆ ಚೆಲ್ಲಿತು. ಸುಟ್ಟಾಗ ಅತ್ತದ್ದಕ್ಕಿಂತ ಜಾಸ್ತಿ ಅವರು ಅತ್ತದ್ದು ಡ್ರೆಸ್ಸಿಂಗ್ ಬದಲಿಸುವಾಗ. ಬ್ಯಾಂಡೇಜ್ ಬಟ್ಟೆ ಗಾಯಕ್ಕೆ ಅಂಟಿಕೊಂಡಿರುತ್ತಿತ್ತು. ಸಿಸ್ಟರ್ ಸಲೈನ್ ಸುರಿದು ನೆನೆಸಿ, ಮೆಲ್ಲ ಬಿಡಿಸುತ್ತಿದ್ದರು. ಆದರೂ ಬಟ್ಟೆಯ ಜೊತೆ ಆಗಷ್ಟೇ ಬಂದ ತೆಳು ಚರ್ಮ ಎದ್ದು ಬರುತ್ತಿತ್ತು. ಮರುದಿನ ಮತ್ತೆ ಅದೇ.

ಗಾಯ ಒಣಗಬೇಕು, ಹಕ್ಕಳೆ ಕಟ್ಟಬೇಕು ಅಂತಲೇ ನಾವೆಲ್ಲ ಕೇಳಿ ಬೆಳೆದದ್ದು, ಅಲ್ವಾ? ವೈದ್ಯರೂ ಬಹುಕಾಲ ಹಾಗೇ ನಂಬಿದ್ದರು. 1962ರಲ್ಲಿ ಜಾರ್ಜ್ ವಿಂಟರ್ ಎಂಬ ವಿಜ್ಞಾನಿ ಹಂದಿಗಳ ಮೈಮೇಲಿನ ಕೆಲವು ಗಾಯಗಳನ್ನು ಗಾಳಿಗೆ ಬಿಟ್ಟರು, ಕೆಲವನ್ನು ಪಾಲಿಥೀನ್ ಹಾಳೆಯಿಂದ ಮುಚ್ಚಿದರು. ಮುಚ್ಚಿದ ಕಡೆ ಹೊಸ ಚರ್ಮ ಸುಮಾರು ಎರಡು ಪಟ್ಟು ಬೇಗ ಹಬ್ಬಿತು. ಹಕ್ಕಳೆ ಕಟ್ಟಿದರೆ ಹೊಸ ಜೀವಕೋಶಗಳು ಅದರಡಿಯ ಹಸಿ ಜಾಗ ಹುಡುಕಿ ಸುತ್ತಿಕೊಂಡು ಬರಬೇಕು. ಗಾಯ ಹಸಿಯಾಗಿದ್ದರೆ ಅವು ನೇರ ಸಾಗುತ್ತವೆ.

ಹಸಿ ಗಾಯದಲ್ಲಿ ಕೀವಾಗುವ ಹೆದರಿಕೆ ಮಾತ್ರ ಸುಳ್ಳಲ್ಲ. 1968ರಲ್ಲಿ ಅಮೆರಿಕದ ವಿಜ್ಞಾನಿ ಚಾರ್ಲ್ಸ್ ಫಾಕ್ಸ್ ತಂದ ಸಿಲ್ವರ್ ಸಲ್ಫಾಡಯಜಿನ್ ಅದಕ್ಕೇ ಮದ್ದು. ಈಗಲೂ ಆಸ್ಪತ್ರೆಗಳಲ್ಲಿ ಹಚ್ಚುವ ಬಿಳಿ ಮುಲಾಮು ಅದೇ. ಆದರೆ ಅದರಲ್ಲಿರುವ ಬೆಳ್ಳಿ ರೋಗಾಣುಗಳ ಜೊತೆ ಹೊಸ ಜೀವಕೋಶಗಳಿಗೂ ಪೆಟ್ಟು ಕೊಡುತ್ತದೆ. ಮಾಯುವುದು ತಡವಾಗಬಹುದು.

ಸುಟ್ಟವರನ್ನು ಬಾಳೆಲೆಯ ಮೇಲೆ ಮಲಗಿಸಿ ಎಂದು ನಮ್ಮೂರಿನ ಅಜ್ಜಿಯಂದಿರು ಹೇಳುತ್ತಿದ್ದರು. ಅದನ್ನು ಸುಮ್ನೆ ತಳ್ಳಿಹಾಕುವಂತಿಲ್ಲ. ಮುಂಬೈಯ ವೈದ್ಯರು ಶುದ್ಧೀಕರಿಸಿದ ಬಾಳೆಲೆಯನ್ನೇ ಪಟ್ಟಿಯಾಗಿ ಕಟ್ಟಿ ನೋಡಿ, 2003ರಲ್ಲಿ ಫಲಿತಾಂಶ ಪ್ರಕಟಿಸಿದರು. ಎಲೆ ಅಂಟುವುದಿಲ್ಲ, ಬಿಡಿಸುವಾಗ ನೋವು ಕಡಿಮೆ. ಹಾಗೆಂದು ತೋಟದಿಂದ ಕೊಯ್ದ ಎಲೆಯನ್ನು ಹಾಗೇ ಗಾಯಕ್ಕೆ ಕಟ್ಟಬಾರದು.

ಬರೀ ಮುಚ್ಚುವ ಪಟ್ಟಿಯಿಂದ ಗಾಯದ ಜೊತೆ ಕೆಲಸ ಮಾಡುವ ಪಟ್ಟಿಗೆ ದೊಡ್ಡ ಹೆಜ್ಜೆ ಬಿದ್ದದ್ದು 1981ರಲ್ಲಿ. ಅಮೆರಿಕದ ಸರ್ಜನ್ ಜಾನ್ ಬರ್ಕ್ ಮತ್ತು ಎಂಜಿನಿಯರ್ ಅಯೊನಿಸ್ ಯಾನಸ್ ದನದ ಕೊಲಾಜೆನ್ (ಚರ್ಮಕ್ಕೆ ಬಲ ಕೊಡುವ ಪ್ರೋಟೀನ್), ಶಾರ್ಕ್ ಮೀನಿನ ಮೆದುಮೂಳೆಯ ಅಂಶ ಸೇರಿಸಿ ತೂತುತೂತಾದ ಹಾಳೆ ಮಾಡಿದರು. ಮೇಲೊಂದು ಸಿಲಿಕೋನ್ ಪದರ. ಹಾಗಲಬಳ್ಳಿಗೆ ಚಪ್ಪರ ಹಾಕುತ್ತೇವಲ್ಲ, ಹಾಗೆ. ರೋಗಿಯದೇ ಜೀವಕೋಶಗಳು, ರಕ್ತನಾಳಗಳು ಅದರೊಳಗೆ ಹಬ್ಬುತ್ತವೆ. ಹಬ್ಬುತ್ತಾ ಹೋದಂತೆ ಚಪ್ಪರ ತಾನೇ ಕರಗುತ್ತದೆ.

ನಮ್ಮದೇ ರಾಜ್ಯದ ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆ ಇದೇ ದಾರಿಯಲ್ಲಿ ಕೋಲಿಡರ್ಮ್ ರೂಪಿಸಿತು. ಹಂದಿಯ ಪಿತ್ತಕೋಶದಿಂದ ಜೀವಕೋಶಗಳನ್ನೆಲ್ಲ ತೆಗೆದು ಉಳಿಸಿಕೊಂಡ ಹಂದರ ಅದು. 2023ರಲ್ಲಿ ಕೇಂದ್ರದ ಔಷಧ ನಿಯಂತ್ರಕರ ಒಪ್ಪಿಗೆಯೂ ಸಿಕ್ಕಿತು. ನನಗೆ ಇದು ನಿಜಕ್ಕೂ ಹೆಮ್ಮೆಯ ಸುದ್ದಿ. ಆದರೆ ದೊಡ್ಡ ಸುಟ್ಟಗಾಯವಾದರೆ ಕಾಸರಗೋಡಿನ ನಾವು ಇಂದಿಗೂ ಮಂಗಳೂರಿಗೆ ಓಡುತ್ತೇವೆ. ಇಂಥ ಹಾಳೆ ನಮ್ಮ ತಾಲೂಕು ಆಸ್ಪತ್ರೆಯ ಕಪಾಟಿನಲ್ಲೇ ಇರಬೇಕು.

ಇನ್ನೂ ಕೈಗೆ ಸಿಗದ್ದು ಒಂದಿದೆ. ಆಳವಾಗಿ ಸುಟ್ಟಲ್ಲಿ ಬೆವರು ಗ್ರಂಥಿ, ಕೂದಲಿನ ಬುಡ ಎರಡೂ ಹೋಗುತ್ತವೆ. ಅವನ್ನು ಮತ್ತೆ ಮೂಡಿಸುವ ಪಟ್ಟಿಗಾಗಿ ಪ್ರಯೋಗಗಳು ನಡೆಯುತ್ತಲೇ ಇವೆ. ಏಪ್ರಿಲ್ ಸೆಕೆಯಲ್ಲಿ ಚಿಕ್ಕಮ್ಮನ ಕೈಯೆಲ್ಲ ಬೆವರುತ್ತದೆ. ಅಂಗೈಯಗಲದ ಆ ಜಾಗ ಮಾತ್ರ ಒಣಗಿಯೇ ಇರುತ್ತದೆ.